ಮರಿಮೀನು ಎಳೆಯುವ ತೂಕ

ನಾನು ಅವರನ್ನು ಮೊದಲ ಸಲ ನೋಡಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ. ಕೆರೆ ಸಮಿತಿಯ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ನನಗೆ ಅಂದಿಗೆ ಒಂಬತ್ತನೇ ದಿನ. ಬಲಗೈಯಲ್ಲಿ ಅಂಟಿನ ಡಬ್ಬಿ, ಅದರೊಳಗೆ ಕೂದಲು ಉದುರಿದ ಬ್ರಷ್ಷು. ಎಡ ಕಂಕುಳಲ್ಲಿ ನಾನೇ ಟೈಪು ಮಾಡಿದ ನಾಲ್ಕು ಸೂಚನಾ ಪತ್ರಗಳು. ಕೆರೆಯ ಗೇಟಿಗೆ ಎರಡು ಬಾಗಿಲು. ಒಂದು ತುಕ್ಕು ಹಿಡಿದು ಸದಾ ಮುಚ್ಚಿಯೇ ಇರುತ್ತದೆ, ಇನ್ನೊಂದು ಸದಾ ತೆರೆದೇ ಇರುತ್ತದೆ. ಮುಚ್ಚಿದ ಬಾಗಿಲಿನ ಪಕ್ಕದ ಗೋಡೆಯ ಮೇಲೆ ಹಳೆಯ ಕಾಗದಗಳ ಚಕ್ಕೆ ಅಂಟಿಕೊಂಡಿತ್ತು. ಅದರ ಬುಡದಲ್ಲಿ ಮೂರು ಕಾಲಿನ ಗಿಡ್ಡ ಸ್ಟೂಲಿನ ಮೇಲೆ ಅವರು ಕೂತಿದ್ದರು.

ಅರವತ್ತರ ಆಸುಪಾಸು. ಗಂಡಸರ ತುಂಬುತೋಳಿನ ಅಂಗಿ, ತೋಳು ಮೊಣಕೈ ಮೇಲಕ್ಕೆ ಮಡಚಿದ್ದು. ಮಂಡಿಗಳ ನಡುವೆ ನೀರು ತುಂಬಿದ ಸ್ಟೀಲ್ ಬಕೆಟ್ಟು. ತೊಡೆಯ ಮೇಲೆ ಸಣ್ಣ ಸಣ್ಣ ಮನೆಗಳಿದ್ದ ಮರದ ಪೆಟ್ಟಿಗೆ. ಬಕೆಟ್ಟಿನ ನೀರಿನಲ್ಲಿ ಹಕ್ಕಿಯ ಗರಿಯ ದಂಟಿನಿಂದ ಮಾಡಿದ, ಮೀನು ಕಚ್ಚಿದರೆ ಮುಳುಗಿ ತಿಳಿಸುವ ಒಂದು ಗಾಳದ ಬೆಂಡು ನೆಟ್ಟಗೆ ನಿಂತಿತ್ತು. ನೀರಿನ ಮೇಲೆ ಕಾಣುತ್ತಿದ್ದದ್ದು ಅಕ್ಕಿಕಾಳಿನಷ್ಟು ಕೆಂಪು ತುದಿ ಮಾತ್ರ. ಅವರು ಅದನ್ನು ಮೇಲೆತ್ತಿ, ದಾರಕ್ಕೆ ಕಚ್ಚಿಸಿದ್ದ ಸೀಸದ ತುಣುಕನ್ನು ನೇಲ್ ಕಟರಿನಿಂದ ಕೂದಲೆಳೆಯಷ್ಟು ಚಿವುಟಿ, ಮತ್ತೆ ನೀರಿಗೆ ಬಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ನಾನು ಗೋಡೆಗೆ ಅಂಟು ಬಳಿಯಲು ಕೈ ಎತ್ತಿದ್ದೇ ತಡ, ಬಕೆಟ್ಟಿನಿಂದ ಕಣ್ಣು ತೆಗೆಯದೆಯೇ ಹೇಳಿದರು: "ಅಲ್ಲಿ ಬೇಡಮ್ಮ. ಆ ಜಾಗದಲ್ಲಿ ಗೋಡೆ ಬೆವರುತ್ತೆ. ಹಿಂದಿನ ಹುಡುಗಿ ಅಂಟಿಸಿದ್ದು ಮೂರೇ ದಿನಕ್ಕೆ ಕಳಚಿ ನನ್ನ ತಲೆ ಮೇಲೆ ಬಿತ್ತು. ಒಂದು ಮೊಳ ಮೇಲೆ ಅಂಟಿಸು."

ನಾನು ಮೇಲೆ ಅಂಟಿಸಿದೆ. ಒಂದು ಮೂಲೆ ಸುರುಳಿಕೊಳ್ಳುತ್ತಿತ್ತು. ಅವರೇ ಎದ್ದು ಬಂದು, ಒದ್ದೆ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಆ ಮೂಲೆಯನ್ನು ಒತ್ತಿ ಹಿಡಿದರು. ಅಂಟು ಹಿಡಿಯುವವರೆಗೂ ಇಬ್ಬರೂ ಹಾಗೇ ನಿಂತಿದ್ದೆವು.

"ಏನಂತೆ? ಓದು, ಕೇಳೋಣ. ನನ್ನ ಕನ್ನಡಕ ಮನೇಲೇ ಉಳೀತು."

ನಾನು ಓದಿದೆ. ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ, ಒಂದಕ್ಷರ ತಪ್ಪದೆ ಓದಿದೆ. ಕೆರೆಯ ದಡದಲ್ಲಿ ಮರಿಮೀನುಗಳು ಹೆಚ್ಚಿನ ಸಂಖ್ಯೆಯಲ್ಲಿ ಸತ್ತು ಬೀಳುತ್ತಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಗೇಟಿನ ಬಳಿ ಮಾರುವ, ಮನೆಯಲ್ಲಿ ತಯಾರಿಸಿದ ಕಳಪೆ ಬೆಂಡುಗಳೇ ಇದಕ್ಕೆ ಕಾರಣ. ಆದಕಾರಣ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಕಚೇರಿಯ ಕೌಂಟರಿನಲ್ಲಿ ದೊರೆಯುವ ಬೆಂಡುಗಳನ್ನು ಮಾತ್ರ ಬಳಸತಕ್ಕದ್ದು.

ಓದು ಮುಗಿಯುವ ಹೊತ್ತಿಗೆ ಕಾಲ ಬಳಿಯ ಬಕೆಟ್ಟು, ಪೆಟ್ಟಿಗೆ, ಒತ್ತಿ ಹಿಡಿದ ಆ ಕೈ ಎಲ್ಲವೂ ನನಗೆ ಒಟ್ಟಿಗೆ ಅರ್ಥವಾಗಿತ್ತು. ಗೇಟಿನ ಬಳಿ ಬೆಂಡು ಮಾರುವವರು ಬೇರೆ ಯಾರೂ ಇರಲಿಲ್ಲ.

ಅವರು ಗೋಡೆಯಿಂದ ಕೈ ತೆಗೆಯಲಿಲ್ಲ. "ಮರಿಗಳನ್ನ ಸಾಯಿಸಿದ್ದು ನಾನಾ?" ಎಂದು ಕೇಳಿದರು. ನನ್ನನ್ನಲ್ಲ, ಕಾಗದವನ್ನು.

ನಾನು ಡಬ್ಬಿ ಎತ್ತಿಕೊಂಡು ಉಳಿದ ಮೂರು ಕಾಗದ ಅಂಟಿಸಲು ಹೋದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಊರಿನವರು ಅವರನ್ನು ತಕ್ಕಡಿಯಕ್ಕ ಎಂದು ಕರೆಯುತ್ತಾರೆ. ಅವರ ಮಾವ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಗಂಡನಿಗೆ ಆ ಕೆಲಸ ಹಿಡಿಸಲಿಲ್ಲ, ಬಸ್ಸಿನ ಕಂಡಕ್ಟರಾದರು. ಸೊಸೆಗೆ ಹಿಡಿಸಿತು. ಮಾವನ ಪಕ್ಕ ಕೂತು ತಕ್ಕಡಿಯ ಮುಳ್ಳು ನೇರ ಮಾಡುವುದು, ಸವೆದ ತೂಕದ ಬಟ್ಟುಗಳಿಗೆ ಸೀಸ ತುಂಬಿ ಸರಿಪಡಿಸುವುದು ಎಲ್ಲ ಕಲಿತರು. ಸಾಸಿವೆಕಾಳು ಹಾಕಿದರೂ ಅಲ್ಲಾಡದ ತಕ್ಕಡಿಯನ್ನು ಮಾವ ಗಿರಾಕಿಗೆ ವಾಪಸ್ ಕೊಡುತ್ತಿರಲಿಲ್ಲವಂತೆ. ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದು ಓಣಿಯ ಅಂಗಡಿ ಮುಚ್ಚಿದ ಮೇಲೆ, ಅದೇ ಪೆಟ್ಟಿಗೆ, ಅದೇ ಸೀಸ ಹಿಡಿದುಕೊಂಡು ಅಕ್ಕ ಕೆರೆಯ ಗೇಟಿಗೆ ಬಂದರು. ಬಂದು ಹನ್ನೆರಡು ವರ್ಷವಾಗಿತ್ತು. ಬೆಂಡಿನ ತುದಿಗೆ ಹಚ್ಚುವ ಕೆಂಪು, ಅಕ್ಕನ ಸೊಸೆಯ ಉಗುರುಬಣ್ಣ. "ನನ್ನ ಸೊಸೆ ಕೈಗಿಂತ ಕೆರೆ ಮೀನುಗಳೇ ಅದನ್ನ ಜಾಸ್ತಿ ನೋಡಿರೋದು," ಎಂದು ಕಂಡಕ್ಟರಣ್ಣ, ಅಂದರೆ ಅವರ ಯಜಮಾನರು, ನಗಿಸುತ್ತಿದ್ದರು.

ಸೂಚನೆ ಅಂಟಿಸಿದ ಮಾರನೇ ದಿನ ನಾನು ಮಧ್ಯಾಹ್ನದ ಬುತ್ತಿ ಹಿಡಿದುಕೊಂಡು ಗೇಟಿನ ಬಳಿ ಹೋದೆ. ಏನು ಹೇಳಬೇಕೆಂದು ಯೋಚಿಸಿ ಹೋಗಿರಲಿಲ್ಲ. ಕ್ಷಮೆ ಕೇಳುವ ಧೈರ್ಯವಂತೂ ಇರಲಿಲ್ಲ. ಅಲ್ಲಿ ಬೇಕರಿಯವನೊಬ್ಬ ಅಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗೋಳು ಹೇಳಿಕೊಳ್ಳುತ್ತಿದ್ದ.

"ಅಕ್ಕಾ, ಬೆಳಿಗ್ಗೆಯಿಂದ ಮೀನುಗಳು ನನ್ನ ಹಿಟ್ಟು ತಿಂದು ಖಾಲಿ ಮಾಡಿದವು. ಒಂದು ಸಲ ಆದ್ರೂ ಬೆಂಡು ಮುಳುಗಬೇಡವಾ? ನನ್ನ ಬೇಕರಿಗೆ ಬಂದು ತಿಂದವರಾದ್ರೂ ಚೆನ್ನಾಗಿದೆ ಅಂತ ಹೇಳಿ ಹೋಗ್ತಾರೆ!"

"ಎಲ್ಲಿ ಕೂತಿದ್ದೆ?"

"ತೂಬಿನ ಹತ್ತಿರ."

"ಗಾಳಿ ಮುಖಕ್ಕೆ ಹೊಡೀತಿತ್ತಾ, ಬೆನ್ನಿಗಾ?"

"ಅದನ್ನ ಯಾರು ನೋಡ್ತಾರಕ್ಕ?"

"ಮೀನು ನೋಡುತ್ತೆ. ತೋರಿಸು ನಿನ್ನ ಬೆಂಡು."

ಅವನು ಜೇಬಿನಿಂದ ತೆಗೆದದ್ದು ನಮ್ಮ ಕೌಂಟರಿನ ಬೆಂಡು. ಅರ್ಧ ಕೆಂಪು, ಅರ್ಧ ಬಿಳಿ, ದಪ್ಪ ನಿಂಬೆಹಣ್ಣಿನಷ್ಟು ಗಾತ್ರದ ಪ್ಲಾಸ್ಟಿಕ್ ಗುಂಡು. ಅಕ್ಕ ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಬೈಯಬಹುದು ಎಂದುಕೊಂಡೆ. ಬೈಯಲಿಲ್ಲ.

"ಇದು ಹೊಳೆ ನಡುವೆ ದೊಡ್ಡ ಮೀನಿಗೆ ದೊಡ್ಡ ಎರೆ ಕಟ್ಟಿದಾಗ ಸರಿ," ಎಂದರು. "ನಿನ್ನ ಬಟಾಣಿಯಷ್ಟು ಹಿಟ್ಟಿಗೆ ಇದ್ಯಾಕೆ? ಮೀನು ಬಾಯಲ್ಲಿ ಹಿಟ್ಟು ಇಟ್ಕೊಂಡು ಎಳೆಯುತ್ತೆ. ಈ ಬುಂಡೆ ಮೇಲೆ ಕೂತು, ಬರಲ್ಲ ಹೋಗು ಅನ್ನುತ್ತೆ. ಭಾರ ಗೊತ್ತಾದ ತಕ್ಷಣ ಬುದ್ಧಿವಂತ ಮೀನು ಉಗುಳಿ ಹೋಗುತ್ತೆ. ಬುದ್ಧಿ ಬರದ ಮರಿ ಹಿಟ್ಟು ಬಿಡೋಕೆ ಮನಸ್ಸಿಲ್ಲದೆ ಕೊಕ್ಕೆ ಸಮೇತ ಹೊಟ್ಟೆಗೆ ಇಳಿಸಿಕೊಳ್ಳುತ್ತೆ. ಎರಡೂ ನಿನಗೆ ಗೊತ್ತೇ ಆಗಲ್ಲ."

ಆಮೇಲೆ ಪೆಟ್ಟಿಗೆಯಿಂದ ಮೂರು ಬೆಂಡು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. ಗರಿಯ ದಂಟಿನ ಸಣಕಲು ಬೆಂಡು ನಿಂತ ನೀರಿಗೆ, ಗಾಳಿಯಿಲ್ಲದ ಬೆಳಗಿಗೆ. ಬಾಟಲಿಯ ಬಿರಡೆ ಕೊರೆದು ಮಾಡಿದ್ದಕ್ಕೆ ಕೆಳಹೊಟ್ಟೆ ಕೊಂಚ ದಪ್ಪ. ಅಲೆ ಬಡಿದರೂ ನಿಲ್ಲುತ್ತದೆ. ಮೂರನೆಯದರ ಹೊಟ್ಟೆ ಮೇಲ್ಗಡೆ, ತೂಬಿನ ಬಳಿ ನೀರು ಸರಿಯುವ ಕಡೆಗೆ. ಬೇಕರಿಯವನು ಮೂರನೆಯದನ್ನು ಎತ್ತಿಕೊಂಡು ಹೊರಟ. ಅಕ್ಕ ಅವನ ಅಂಗಿ ಹಿಡಿದು ಎಳೆದು ಕೂರಿಸಿದರು.

"ಎಲ್ಲಿಗೆ? ಕೊಕ್ಕೆ ಕಟ್ಟು. ನಿನ್ನ ಹಿಟ್ಟೂ ಹಚ್ಚು."

ಇದು ಅವರ ಪದ್ಧತಿ. ಗಿರಾಕಿಯ ಸ್ವಂತ ದಾರ, ಸ್ವಂತ ಕೊಕ್ಕೆ, ಸ್ವಂತ ಎರೆ ಕಟ್ಟಿ ಬಕೆಟ್ಟಿಗೆ ಬಿಡದೆ ಬೆಂಡು ಕೊಡುವುದಿಲ್ಲ. ಮೊದಲು ಬೆಂಡು ಅರ್ಧಕ್ಕೂ ಹೆಚ್ಚು ಮೇಲೆ ಎದ್ದು ನಿಂತಿತು. ಅವರು ದಾರಕ್ಕೆ ಸೀಸದ ಗುಂಡು ಒಂದೊಂದೇ ಕಚ್ಚಿಸುತ್ತಾ ಹೋದರು. ಬೆಂಡು ಇಳಿಯುತ್ತಾ ಇಳಿಯುತ್ತಾ ಅಕ್ಕಿಕಾಳಿನಷ್ಟು ಉಳಿಯಿತು.

"ಇಷ್ಟೇ ಕಂಡರೆ ನನಗೆ ಕಾಣಲ್ವಲ್ಲಕ್ಕ! ಒಂದು ಗುಂಡು ತೆಗೀತೀನಿ."

"ಎಲ್ಲರೂ ಮಾಡೋ ತಪ್ಪು ಅದೇ. ನನ್ನ ಮುಂದೆ ಹೂಂ ಅಂತಾರೆ, ಆ ಮರದ ಹಿಂದೆ ಹೋಗಿ ಒಂದು ಗುಂಡು ಕಿತ್ತು ಹಾಕ್ತಾರೆ, ಬೆಂಡು ಎದ್ದು ಕಾಣಲಿ ಅಂತ. ಆಮೇಲೆ ಅಕ್ಕನ ಬೆಂಡು ಸರಿಯಿಲ್ಲ ಅಂತಾರೆ. ಚೆನ್ನಾಗಿ ಕಾಣೋ ಬೆಂಡು ಬೇಕಾ, ಮೀನು ಮುಟ್ಟಿದ್ದು ಹೇಳೋ ಬೆಂಡು ಬೇಕಾ? ಕಾಣಲ್ಲ ಅಂದ್ರೆ ಎರಡು ಹೆಜ್ಜೆ ಹತ್ತಿರ ಹೋಗಿ ಕೂತ್ಕೋ." ಬೆಂಡನ್ನು ಬಕೆಟ್ಟಿನಿಂದ ಎತ್ತಿ ಅವನ ಕೈಗಿಡುತ್ತಾ ಹೇಳಿದರು: "ಇನ್ನೊಂದು. ಮುಳುಗೋದನ್ನೇ ಕಾಯಬೇಡ. ಕೆಲವು ಮೀನು ಹಿಟ್ಟನ್ನ ಎತ್ತುತ್ತೆ. ಸೀಸದ ಭಾರ ತಪ್ಪಿ ಬೆಂಡು ಮೇಲಕ್ಕೆ ಬರುತ್ತೆ. ಎದ್ದರೂ ಎಳಿ, ಅಡ್ಡ ಮಲಗಿದರೂ ಎಳಿ. ಆಗ ಕೊಕ್ಕೆ ತುಟೀಲಿರುತ್ತೆ. ಚಿಕ್ಕದಾದರೆ ಬಿಡಿಸಿ ನೀರಿಗೆ ಬಿಡಬಹುದು, ಬದುಕುತ್ತೆ."

ನಮ್ಮ ಕೆರೆಯ ನಿಯಮವೂ ಅದೇ. ಒಂದು ಗೇಣಿಗಿಂತ ಚಿಕ್ಕ ಮೀನನ್ನು ವಾಪಸ್ ಬಿಡಬೇಕು. ಕೊಕ್ಕೆ ಹೊಟ್ಟೆಯೊಳಗಿದ್ದರೆ ಬಿಟ್ಟರೂ ಅದು ಮಾರನೇ ದಿನ ದಡಕ್ಕೆ ಬಂದು ಬೀಳುತ್ತದೆ. ನಾನು ಬುತ್ತಿ ಬಿಚ್ಚಲಿಲ್ಲ. ತಿರುಗಿ ಕಚೇರಿಗೆ ಓಡಿದೆ.

ಓಡಿದ್ದು ರಿಜಿಸ್ಟರಿಗಾಗಿ. ದಡ ಗುಡಿಸುವಾತ ದಿನಾ ಬೆಳಿಗ್ಗೆ ಕಚೇರಿಯ ಕಿಟಕಿಯ ಬಳಿ ನಿಂತು, ಎಷ್ಟು ಸತ್ತ ಮೀನು ಸಿಕ್ಕಿತು ಎಂದು ಹೇಳುತ್ತಾನೆ. ಗುಮಾಸ್ತರು ಬರೆದುಕೊಳ್ಳುತ್ತಾರೆ. ನನ್ನ ಹಿಂದಿನವರೂ ಬರೆದಿದ್ದರು, ಯಾರೂ ಓದಿರಲಿಲ್ಲ. ನಾನು ಆ ವರ್ಷದ ಪುಟಗಳನ್ನು ವಾರವಾರಕ್ಕೆ ಕೂಡಿದೆ. ನಾಲ್ಕು, ಮೂರು, ಐದು, ಮೂರು. ತಿಂಗಳುಗಟ್ಟಲೆ ಹೀಗೇ. ಆಮೇಲೆ ಒಂದು ವಾರ ಹದಿನಾಲ್ಕು. ಮುಂದಿನ ವಾರ ಹತ್ತೊಂಬತ್ತು. ಅದರ ಮುಂದೆ ಇಪ್ಪತ್ತಾರು, ಮೂವತ್ತೊಂದು. ಉಗ್ರಾಣದ ಪುಸ್ತಕ ತೆರೆದು ನೋಡಿದೆ. ಪ್ಲಾಸ್ಟಿಕ್ ಬೆಂಡುಗಳ ನಾಲ್ಕು ಪೆಟ್ಟಿಗೆಗಳು ಕಚೇರಿಗೆ ಬಂದು ಕೌಂಟರಿನಲ್ಲಿ ಮಾರಾಟ ಶುರುವಾದದ್ದು ಸರಿಯಾಗಿ ಆ ಹದಿನಾಲ್ಕರ ವಾರದ ಸೋಮವಾರ. ಅಕ್ಕ ಮಾತ್ರ ಬೆಂಡು ಕೊಡುತ್ತಿದ್ದ ಕಾಲಕ್ಕೆ ವಾರಕ್ಕೆ ನಾಲ್ಕು. ಸಮಿತಿ ಕೊಡಲು ಶುರುಮಾಡಿದ ಮೇಲೆ ಮೂವತ್ತು. ಕೊಂದವರು ನಾವು. ಗೋಡೆಗೆ ಅಂಟಿಸಿದ್ದು ಅವರ ತಲೆಗೆ.

ಎರಡೂ ಪುಸ್ತಕ ಎದೆಗೆ ಅವುಚಿಕೊಂಡು ಕಾರ್ಯದರ್ಶಿಗಳ ಮೇಜಿನ ಮುಂದೆ ನಿಂತೆ. ಅವರು ಮೊದಲು ರಸ್ತೆ ಇಲಾಖೆಯಲ್ಲಿದ್ದವರು. ತಿರುವು, ಉಬ್ಬು, ಶಾಲೆ ಮುಂದಿದೆ ಎಂಬ ಬೋರ್ಡುಗಳನ್ನು ಹಾಕಿಸುತ್ತಲೇ ನಿವೃತ್ತರಾದವರು. ದೂರದಿಂದ ಎದ್ದು ಕಾಣುವುದೆಲ್ಲ ಒಳ್ಳೆಯದು ಎಂಬುದು ಅವರಿಗೆ ಮೂವತ್ತು ವರ್ಷದ ಅಭ್ಯಾಸ. ಪೆಟ್ಟಿಗೆಗಳನ್ನು ತರಿಸಿದವರೂ ಅವರೇ. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ತನ್ನ ತಪ್ಪು ಅಂಕಿಯಲ್ಲಿ ಕಣ್ಣ ಮುಂದಿದ್ದರೂ ಕಾಣದವರನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ.

"ನಿಮಗೆ ಎಷ್ಟು ದಿನದ ಅನುಭವಮ್ಮ?" ಎಂದರು.

"ಹತ್ತು ದಿನ ಸಾರ್. ರಿಜಿಸ್ಟರಿಗೆ ಮೂರು ವರ್ಷ."

"ಬಿಸಿಲಿಗೆ ಸತ್ತಿರುತ್ತೆ. ನೀರು ಕಡಿಮೆಯಾಗಿ ಸತ್ತಿರುತ್ತೆ. ನೂರೆಂಟು ಕಾರಣ ಇರುತ್ತೆ."

"ಹಾಗಾದ್ರೆ ಗೇಟಿನ ಬೆಂಡೇ ಕಾರಣ ಅಂತ ಒಂದೇ ಕಾರಣ ಹೇಗೆ ಬರೆದ್ವಿ ಸಾರ್?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಬರೆದದ್ದು ನಾವಲ್ಲ, ಸಮಿತಿ. ನೀವು ಟೈಪ್ ಮಾಡಿದ್ದೀರಿ ಅಷ್ಟೇ. ಹೋಗಿ ಕೆಲಸ ನೋಡಿ."

ಟೈಪ್ ಮಾಡಿದ್ದೀರಿ ಅಷ್ಟೇ! ನಮ್ಮ ಮನೆಯಲ್ಲಿ ಓದಲು ಬರುವವಳು ನಾನೊಬ್ಬಳೇ. ಊರಿನಲ್ಲಿ ಸರ್ಕಾರಿ ಕಾಗದ ಬಂದರೆ ಅಪ್ಪ ಅದನ್ನು ಹಿಡಿದುಕೊಂಡು ಮನೆಮನೆ ಅಲೆಯುತ್ತಿದ್ದರು, ಯಾರಾದರೂ ಓದಿ ಹೇಳಲಿ ಎಂದು. ಏನು ಬರೆದಿದೆಯೋ ಅದೇ ಸತ್ಯವೆಂದು ನಂಬಿ, ಹೆದರಿ, ವಾಪಸ್ ಬರುತ್ತಿದ್ದರು. ಬರೆಯುವ ಕಡೆಯಲ್ಲಿ ಕೂರಲು ನಾನು ಅಷ್ಟು ವರ್ಷ ಓದಿದ್ದು ಇದಕ್ಕೇ?

ಸಂಜೆ ಗೇಟಿಗೆ ಹೋಗಿ ಎರಡೂ ಪುಸ್ತಕದ ಲೆಕ್ಕ ಹೇಳಿದೆ. ಅಕ್ಕ ಸೀಸದ ಚೂರುಗಳನ್ನು ಪೆಟ್ಟಿಗೆಯ ಮನೆಗಳಿಗೆ ಹಾಕುತ್ತಾ ಕೇಳಿದರು. ಪಕ್ಕದಲ್ಲಿ ಕೂತಿದ್ದ ಕಂಡಕ್ಟರಣ್ಣ ಹೇಳಿದರು:

"ನಿನ್ನೆ ನೀವು ಓದಿ ಹೇಳಿದಾಗ ಇವಳ ಕನ್ನಡಕ ಚೀಲದಲ್ಲೇ ಇತ್ತಮ್ಮ. ಬರೆದವರ ಬಾಯಿಂದಲೇ ಕೇಳಬೇಕು ಅಂತ ಓದಿಸಿದಳು."

"ಸುಮ್ನಿರ್ರಿ," ಎಂದು ಅಕ್ಕ ಗದರಿದರು.

"ಯಾಕೆ ಸುಮ್ನಿರ್ಲಿ? ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ಏನು ಕೇಳಿದಳು ಹೇಳು. ಅಜ್ಜಿ, ನೀನು ಮೀನುಮರಿ ಸಾಯಿಸ್ತೀಯಂತೆ ಹೌದಾ, ಅಂತ. ಅವಳ ಗೆಳತಿ ಗೋಡೆ ಮೇಲೆ ಓದಿದಳಂತೆ. ಇವಳು ಊಟ ಬಿಟ್ಟು ಎದ್ದಳು."

ಅಕ್ಕ ಪೆಟ್ಟಿಗೆ ಮುಚ್ಚಿ ಹೇಳಿದರು: "ಬೆಂಡು ಮಾರಬೇಡ ಅಂದ್ರೆ ಮಾರಲ್ಲ. ಮನೇಲಿ ಕೂತು ಮಾಡೋಕೆ ಬೇಕಾದಷ್ಟಿದೆ. ಆದ್ರೆ ಸುಳ್ಳು ತೂಕ ನನ್ನ ಹೆಸರಿಗೆ ಅಂಟಬಾರದು. ನಮ್ಮ ಮಾವನ ಅಂಗಡಿಯಿಂದ ಸುಳ್ಳು ತೂಕ ಒಂದೂ ಹೊರಗೆ ಹೋಗಿಲ್ಲ. ಅದನ್ನ ಗೋಡೆ ಮೇಲಿಂದ ಅಳಿಸಬೇಕು. ನನಗೆ ಬೇಕಾದ್ದು ಅಷ್ಟೇ."

ಆ ಭಾನುವಾರ ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ಸದಸ್ಯರ ಸಭೆ. ಪ್ರತಿ ತಿಂಗಳೂ ನಡೆಯುತ್ತದೆ. ಮೂವತ್ತು ನಲವತ್ತು ಜನ ಮಡಚುವ ಕುರ್ಚಿ ತಂದು ಕೂರುತ್ತಾರೆ. ಅಧ್ಯಕ್ಷರು ವಯಸ್ಸಾದ ಕಣ್ಣಿನ ಡಾಕ್ಟರು. ಅವರಿಗೆ ಮೀನಿಗಿಂತ ಬೆಳಗಿನ ನಿದ್ದೆ ಪ್ರೀತಿ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಕಾರ್ಯದರ್ಶಿಗಳು ವರದಿ ಓದುತ್ತಿದ್ದಾಗ ಅಕ್ಕ ಬಕೆಟ್ಟು ಹಿಡಿದುಕೊಂಡು ನೇರವಾಗಿ ಅಧ್ಯಕ್ಷರ ಮುಂದೆ ಬಂದು, ಧೊಪ್ಪೆಂದು ನೆಲಕ್ಕಿಟ್ಟರು. ಅರ್ಧ ನೀರು ಅಧ್ಯಕ್ಷರ ಶೂ ಮೇಲೆ ಚೆಲ್ಲಿತು.

"ಅಮ್ಮಾ, ಇದು ಸಭೆ. ಸಂತೆಯಲ್ಲ," ಎಂದರು ಕಾರ್ಯದರ್ಶಿಗಳು.

"ಸಂತೆಯಾಗಿದ್ರೆ ತೂಕ ಸರಿಯಾಗಿರ್ತಿತ್ತು ಸಾರ್," ಎಂದರು ಹಿಂದೆ ಚೆಂಬಿನಲ್ಲಿ ಮತ್ತಷ್ಟು ನೀರು ತಂದ ಕಂಡಕ್ಟರಣ್ಣ. ಯಾರೋ ಕಿಸಕ್ಕೆಂದರು.

"ಡಾಕ್ಟ್ರೇ," ಎಂದರು ಅಕ್ಕ, "ಐದು ನಿಮಿಷ ಕೊಡಿ. ನಾನು ಮಾತಾಡಲ್ಲ. ನೀವೇ ನೋಡಿ ಹೇಳಿ."

ಕೌಂಟರಿನ ಬೆಂಡು ಇದ್ದ ಒಬ್ಬ ಸದಸ್ಯರ ಗಾಳವನ್ನು ಕೇಳಿ ಪಡೆದರು. ಅವರದೇ ದಾರ, ಅವರದೇ ಕೊಕ್ಕೆ, ಅವರದೇ ಸೀಸ. ದಾರವನ್ನು ಬಕೆಟ್ಟಿನ ಆಳಕ್ಕೆ ಗಿಡ್ಡ ಮಾಡಿ ನೀರಿಗೆ ಬಿಟ್ಟರು. ದಪ್ಪ ಗುಂಡು ಮುಕ್ಕಾಲು ಭಾಗ ಮೇಲೆ ಮಾಡಿಕೊಂಡು ಕುಣಿಯುತ್ತಾ ನಿಂತಿತು. ಅಕ್ಕ ಪೆಟ್ಟಿಗೆಯ ಒಂದು ಮನೆಯಿಂದ ಮಾವನ ಕಾಲದ ಚಿನ್ನ ತೂಗುವ ಬಟ್ಟುಗಳನ್ನು ತೆಗೆದರು. ಅತಿ ಚಿಕ್ಕದು ತಗಡಿನ ಚೂರು, ಉಸಿರು ಬಿಟ್ಟರೆ ಹಾರುವಂಥದ್ದು. ಅದನ್ನು ಚಿಮುಟದಲ್ಲಿ ಹಿಡಿದು ಕೊಕ್ಕೆಗೆ ಸಿಕ್ಕಿಸಿದರು. ಗುಂಡು ಕದಲಲಿಲ್ಲ. ಇನ್ನೊಂದು ಸಿಕ್ಕಿಸಿದರು. ಇಲ್ಲ. ತಗಡುಗಳು ಮುಗಿದು ಹಿತ್ತಾಳೆಯ ಬಟ್ಟುಗಳನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟರು. ಒಂದು ಗ್ರಾಂ. ಎರಡು ಗ್ರಾಂ. ಐದು. ಹತ್ತು ದಾಟಿದ ಮೇಲೆ ಗುಂಡು ಮನಸ್ಸಿಲ್ಲದ ಮನಸ್ಸಿನಿಂದ ಅರ್ಧ ಇಳಿಯಿತು.

ಆಮೇಲೆ ತನ್ನ ಗರಿದಂಟಿನ ಬೆಂಡನ್ನು, ಅದಕ್ಕೆ ತಕ್ಕ ಸೀಸ ಕಚ್ಚಿಸಿ ಬಿಟ್ಟರು. ಅಕ್ಕಿಕಾಳಿನಷ್ಟು ಕೆಂಪು ತುದಿ ನೀರ ಮೇಲೆ ನಿಂತಿತು. ಆ ಮೊದಲ ತಗಡಿನ ಚೂರನ್ನು ಕೊಕ್ಕೆಗೆ ಸಿಕ್ಕಿಸಿದ್ದೇ, ತುದಿ ಕಣ್ಮರೆಯಾಯಿತು.

ಡಾಕ್ಟರು ಬಕೆಟ್ಟಿನ ಮೇಲೆ ಬಗ್ಗಿದ್ದವರು ಏಳಲೇ ಇಲ್ಲ. "ಇನ್ನೊಂದು ಸಲ ಮಾಡಿ," ಎಂದರು. ಅಕ್ಕ ಮಾಡಿದರು. "ಮರಿಮೀನು ಎಷ್ಟು ಎಳೆಯುತ್ತೆ?" ಎಂದು ಡಾಕ್ಟರು ಕೇಳಿದರು.

"ಈ ತಗಡಿಗಿಂತ ನಾಲ್ಕು ಪಟ್ಟು ಎಳೆದರೆ ಹೆಚ್ಚು ಡಾಕ್ಟ್ರೇ. ಹತ್ತು ಗ್ರಾಂ ಎಳೆಯೋಕೆ ಅದರ ಅಪ್ಪನೇ ಬರಬೇಕು."

ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ. ಆ ನಿಷೇಧವನ್ನು ಅಲ್ಲೇ ವಾಪಸ್ ಪಡೆಯಲು ಹೇಳಿದರು. ನಾನು ರಿಜಿಸ್ಟರ್ ತೆಗೆದುಕೊಂಡು ಮುಂದೆ ಬಂದೆ. ಕಾರ್ಯದರ್ಶಿಗಳು, ಸಮಯವಾಯಿತು, ಇದನ್ನು ಕಚೇರಿಯಲ್ಲಿ ನೋಡೋಣ ಎಂದು ಸಭೆ ಮುಗಿಸಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಯಾರಾದರೂ ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಟೈಪು ಮಾಡಲು ಇಟ್ಟಿದ್ದ ಚೀಟಿಯಲ್ಲಿ ಒಂದೇ ಸಾಲು ಇತ್ತು: ಹಿಂದಿನ ಸೂಚನೆಯನ್ನು ತಾಂತ್ರಿಕ ಕಾರಣಗಳಿಂದ ಹಿಂಪಡೆಯಲಾಗಿದೆ.

ಮರಿಮೀನುಗಳ ಸಾವಿಗೆ ಗೇಟಿನ ಬೆಂಡುಗಳು ಕಾರಣವಲ್ಲ ಎಂಬ ಒಂದು ವಾಕ್ಯವನ್ನು ನಾನು ಕೆಳಗೆ ಸೇರಿಸಿ ಒಳಗೆ ಕಳಿಸಿದೆ. ಕೆಂಪು ಗೀಟು ಎಳೆದುಕೊಂಡು ವಾಪಸ್ ಬಂತು. ವಾಕ್ಯವನ್ನು ಮೃದು ಮಾಡಿ ಮತ್ತೆ ಕಳಿಸಿದೆ. ಮತ್ತೆ ಗೀಟು. ಮೂರನೇ ಸಲ ಅವರೇ ಒಳಗೆ ಕರೆದರು.

"ಸಮಿತಿ ತಪ್ಪು ಮಾಡ್ತು ಅಂತ ಸಮಿತಿಯೇ ಗೋಡೆಗೆ ಅಂಟಿಸೋಕಾಗುತ್ತೇನಮ್ಮ? ಅದರ ಬದಲು ಒಂದು ಒಳ್ಳೆ ಬೋರ್ಡ್ ಹಾಕಿಸೋಣ. 'ಸರಿಯಾದ ಬೆಂಡನ್ನು ಆರಿಸುವುದು ಹೇಗೆ' ಅಂತ. ಆಕೆ ಹೇಳಿದ್ದನ್ನೇ ಬರೆದುಕೊಡಿ. ಜನಕ್ಕೂ ಉಪಯೋಗ. ಆಕೆಗೂ ಸಮಾಧಾನ."

ನಾನು ಮೂರು ದಿನ ಅಕ್ಕನ ಪಕ್ಕ ಕೂತು ಬರೆದುಕೊಂಡೆ. ಯಾವ ನೀರಿಗೆ ಯಾವ ಬೆಂಡು, ಗಾಳಿಗೆ ಯಾವುದು, ಸೀಸ ಎಷ್ಟು, ತುದಿ ಎಷ್ಟು ಕಾಣಬೇಕು, ಬೆಂಡು ಎದ್ದರೆ ಏನರ್ಥ. ಕೊನೆಯಲ್ಲಿ ಇದನ್ನು ಹೇಳಿಕೊಟ್ಟವರು ಯಾರೆಂದು ಬರೆದೆ. ಎರಡು ವಾರದ ಮೇಲೆ ಗೇಟಿನಲ್ಲಿ ಬೋರ್ಡು ಬಂತು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ರಸ್ತೆ ತಿರುವಿನ ಬೋರ್ಡಿನ ಹಾಗೆ. ಕೆಳಗೆ 'ರಚನೆ' ಎಂದು ಕಾರ್ಯದರ್ಶಿಗಳ ಹೆಸರು. ಅಕ್ಕನ ಸುದ್ದಿಯೇ ಇಲ್ಲ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನಾಲ್ಕನೇ ಸಾಲಿನಲ್ಲಿ ನಾನು 'ಅಕ್ಕಿಕಾಳಿನಷ್ಟು ತುದಿ ಮಾತ್ರ' ಎಂದು ಬರೆದದ್ದನ್ನು ತಿದ್ದಿ, 'ಬೆಂಡಿನ ಅರ್ಧಭಾಗ ನೀರಿನ ಮೇಲೆ ಸ್ಪಷ್ಟವಾಗಿ ಕಾಣುವಂತಿರಬೇಕು' ಎಂದು ಮಾಡಿದ್ದರು! ನಲವತ್ತು ಜನ ಕಣ್ಣಾರೆ ನೋಡಿದ್ದನ್ನು, ಡಾಕ್ಟರು ಎರಡೆರಡು ಸಲ ಬಗ್ಗಿ ನೋಡಿದ್ದನ್ನು, ಒಂದು ಪೆನ್ನಿನ ಗೀಟಿನಲ್ಲಿ ತಲೆಕೆಳಗು ಮಾಡಿದ್ದರು. ಕೇಳಿದರೆ, "ಅಕ್ಕಿಕಾಳು ಅನ್ನೋದು ಬೋರ್ಡಿಗೆ ಸರಿಹೋಗಲ್ಲಮ್ಮ. ಅರ್ಧ ಅಂದ್ರೆ ಎಲ್ಲರಿಗೂ ಅರ್ಥವಾಗುತ್ತೆ," ಎಂದರು.

ಜನ ಬೋರ್ಡು ಓದಿದರು. ಅಕ್ಕನ ಬೆಂಡು ಕೊಂಡು, ಬೋರ್ಡಿನ ಮಾತು ನಂಬಿ, ಮರದ ಹಿಂದೆ ಹೋಗಿ ಎರಡೆರಡು ಗುಂಡು ಕಿತ್ತು ಹಾಕಿದರು. ಕೌಂಟರಿನ ಪ್ಲಾಸ್ಟಿಕ್ ಬೆಂಡುಗಳೂ ಮಾರಾಟದಲ್ಲೇ ಇದ್ದವು. ಸಭೆಯಾದ ಮೇಲೆ ರಿಜಿಸ್ಟರಿನಲ್ಲಿ ಇಳಿದಿದ್ದ ಲೆಕ್ಕ ಆ ವಾರ ಮತ್ತೆ ಇಪ್ಪತ್ತೆರಡಕ್ಕೆ ಏರಿತು. ಮತ್ತು ಈ ಸಲ ಅದು ಅಕ್ಕನ ಬೆಂಡಿನ ಹೆಸರಿಗೆ ನಿಜವಾಗಿಯೂ ಬರತೊಡಗಿತ್ತು.

"ತಾಂತ್ರಿಕ ಕಾರಣ ಅಂದ್ರೆ ಯಾರಮ್ಮ?" ಎಂದು ಅಕ್ಕ ಒಂದು ದಿನ ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ಆ ರಾತ್ರಿ ಎಂಥ ಹಠ ಹಿಡಿಯಿತೋ, ಮಾರನೇ ದಿನ ಸಮಿತಿಯ ನಿಯಮಾವಳಿಯನ್ನು ಮೊದಲ ಪುಟದಿಂದ ಓದಿದೆ. ಹದಿನೇಳನೇ ನಿಯಮ: ಕೆರೆಗೆ ಸಂಬಂಧಿಸಿದ ದಿನವಹಿ ರಿಜಿಸ್ಟರುಗಳು ಸಾರ್ವಜನಿಕರ ವೀಕ್ಷಣೆಗೆ ಲಭ್ಯವಿರತಕ್ಕದ್ದು, ಅವುಗಳ ಪ್ರತಿಯನ್ನು ಪ್ರಕಟಿಸುವುದು ಗುಮಾಸ್ತರ ಕರ್ತವ್ಯ. ಕರ್ತವ್ಯ ಎಂದೇ ಇತ್ತು. ನನ್ನ ಹಿಂದಿನವರು ಯಾರೂ ಮಾಡಿರಲಿಲ್ಲ.

ಸತ್ತ ಮೀನುಗಳ ರಿಜಿಸ್ಟರನ್ನು ವಾರದ ಲೆಕ್ಕದಲ್ಲಿ ಟೈಪು ಮಾಡಿದೆ. ಟೀಕೆ ಟಿಪ್ಪಣಿ ಏನೂ ಇಲ್ಲ. ಮೂರು ತಲೆಬರಹ ಮಾತ್ರ: ಗೇಟಿನ ಬೆಂಡುಗಳು ಮಾತ್ರ ಇದ್ದ ವಾರಗಳು. ಕೌಂಟರಿನ ಬೆಂಡುಗಳು ಬಂದ ನಂತರದ ವಾರಗಳು. ಬೋರ್ಡು ಹಾಕಿದ ನಂತರದ ವಾರ. ಅಂಟಿನ ಡಬ್ಬಿ ಹಿಡಿದು ಗೇಟಿಗೆ ಹೋದೆ. ಬೆವರದ ಜಾಗದಲ್ಲಿ, ಬೋರ್ಡಿಗೆ ತಾಗಿದಂತೆ ಅಂಟಿಸಿದೆ.

ಅಕ್ಕ ಬಕೆಟ್ಟು ಪಕ್ಕಕ್ಕೆ ಸರಿಸಿ ಎದ್ದರು. ಏನಂತೆ, ಓದು ಎಂದು ಈ ಸಲ ನನಗೆ ಹೇಳಲಿಲ್ಲ. ಚೀಲದಿಂದ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡರು. ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಗೇಟಿನಲ್ಲಿ ಬರುವವರು ಹೋಗುವವರು ನಿಂತರು. ಬೇಕರಿಯವನು ನಿಂತ. ಹದಿನಾಲ್ಕು ಬಂದಾಗ ಕಂಡಕ್ಟರಣ್ಣ, "ಇಲ್ಲಿ ಯಾರು ಬಸ್ ಹತ್ತಿದರು?" ಎಂದು ಕೇಳಿದರು. "ಕೌಂಟರ್!" ಎಂದು ಬೇಕರಿಯವನು ಕೂಗಿದ. ಓದಿ ಮುಗಿಸಿ ಅಕ್ಕ ಕನ್ನಡಕ ಮಡಚಿ ಚೀಲದಲ್ಲಿಟ್ಟರು. ಸಂಜೆ ಮೊಮ್ಮಗಳನ್ನು ಕರೆತಂದು ಅವಳ ಕೈಯಲ್ಲೇ ಓದಿಸಿದರಂತೆ. ನಾನು ಆಗ ಅಲ್ಲಿರಲಿಲ್ಲ.

ಕಾರ್ಯದರ್ಶಿಗಳು ಆ ಕಾಗದವನ್ನು ಕೀಳಿಸಲಾರದೆ ಹೋದರು. ನಿಯಮಾವಳಿಯ ಕೆಳಗೆ ಅವರದೇ ಸಹಿ ಇತ್ತು. ನನ್ನನ್ನು ಕಚೇರಿಯಿಂದ ಕೆರೆಯ ಆಚೆ ತುದಿಯ ಪಂಪ್ ಮನೆಗೆ ವರ್ಗ ಮಾಡಿದರು. ಅಲ್ಲಿ ನೀರಿನ ಮಟ್ಟ ಬರೆಯುವ ಕೆಲಸ. ಅದೂ ದಿನವಹಿಯೇ, ವಾರಕ್ಕೊಮ್ಮೆ ಪ್ರತಿ ತಂದು ಅಂಟಿಸುತ್ತೇನೆ. ಡಾಕ್ಟರು ಒಂದು ಬೆಳಿಗ್ಗೆ ಗೇಟಿನಲ್ಲಿ ಹತ್ತು ನಿಮಿಷ ನಿಂತು ಓದಿ ಹೋದರಂತೆ. ಆ ವಾರದಲ್ಲೇ ಉಳಿದ ಪ್ಲಾಸ್ಟಿಕ್ ಬೆಂಡುಗಳು ಕೌಂಟರಿನಿಂದ ಉಗ್ರಾಣಕ್ಕೆ ಹೋದವು. ಬೋರ್ಡಿನ ನಾಲ್ಕನೇ ಸಾಲಿಗೆ ಯಾರೋ ಹಳದಿ ಬಣ್ಣ ಬಳಿದು, ಮೇಲೆ 'ಅಕ್ಕಿಕಾಳಿನಷ್ಟು' ಎಂದು ಬರೆಸಿದರು. 'ರಚನೆ'ಯ ಹೆಸರು ಹಾಗೇ ಇದೆ. ತಪ್ಪಾಯಿತು ಎಂದು ಇವತ್ತಿನವರೆಗೂ ಯಾರೂ ಅಕ್ಕನಿಗೆ ಹೇಳಿಲ್ಲ. ನಾನು ಹೇಳಿದೆ, ತಡವಾಗಿ. "ಟೈಪ್ ಮಾಡಿದ್ದು ನೀನು, ತಿದ್ದಿದ್ದೂ ನೀನು. ಎರಡೂ ಕಡೆ ಸಮ ಆಯ್ತು ಬಿಡು," ಎಂದರು. ಅಷ್ಟು ಸುಲಭಕ್ಕೆ ಸಮ ಆಯಿತೆಂದು ನನಗೆ ಅನ್ನಿಸುವುದಿಲ್ಲ.

ಕಳೆದ ತಿಂಗಳು ಕಾರ್ಯದರ್ಶಿಗಳೇ ಗಾಳ ಹಿಡಿದುಕೊಂಡು ಬಂದು ಅಕ್ಕನ ಮುಂದೆ ನಿಂತರು. ಅಕ್ಕ ತಲೆ ಎತ್ತದೆ, "ಎಲ್ಲಿ ಕೂತ್ಕೋತೀರಿ? ಗಾಳಿ ಮುಖಕ್ಕಾ, ಬೆನ್ನಿಗಾ? ಕೊಕ್ಕೆ ಕಟ್ಟಿ," ಎಂದರು. ಬಕೆಟ್ಟಿನಲ್ಲಿ ತೂಗಿಯೇ ಕೊಟ್ಟರು.

ಈಗ ಅಕ್ಕ ಸೋಮವಾರ ಬಿಟ್ಟು ಉಳಿದೆಲ್ಲ ದಿನ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ, ಕೆರೆಯ ಗೇಟಿನ ಮುಚ್ಚಿದ ಬಾಗಿಲಿನ ಪಕ್ಕ ಕೂತು ಗಾಳದ ಬೆಂಡು ಮಾಡಿ, ಗಿರಾಕಿಯ ಕೊಕ್ಕೆ ಕಟ್ಟಿ ನೀರಿನಲ್ಲಿ ನೋಡಿ, ಕೊಡುತ್ತಾರೆ.